ಸುಟ್ಟು ನೋಡಿದ ಗೋಡೆ

ಯಂಕಮ್ಮ ಕಡ್ಡಿ ಗೀರಿದಳು. ಮಾಳಿಗೆಯ ಮೇಲಿನ ಬಿಸಿಗಾಳಿಗೆ ಅದು ಆರಿಹೋಯಿತು. ಇನ್ನೊಂದು ಗೀರಿ, ಸೆರಗಿನ ಮರೆ ಮಾಡಿ, ಎಡಗೈಯಲ್ಲಿ ಹಿಡಿದ ಥರ್ಮಾಕೋಲಿನ ಬಿಳಿ ತುಂಡಿನ ಮೂಲೆಗೆ ಮುಟ್ಟಿಸಿದಳು. ಹಾಸ್ಟೆಲಿನ ಮಾಲೀಕ ಅಯ್ಯಪ್ಪ ಕೈಕಟ್ಟಿಕೊಂಡು ನೋಡುತ್ತಿದ್ದ. ತಗಡಿನ ಕೋಣೆ ಕಟ್ಟಿಕೊಡಲು ಬಂದ ಗುತ್ತೇದಾರ ಜಿಲಾನಿ ಪಾಷಾ ಬಾಯಲ್ಲಿದ್ದ ಅಡಿಕೆಯನ್ನು ಒಂದು ದವಡೆಗೆ ಸರಿಸಿ ಸುಮ್ಮನಾಗಿದ್ದ. ಬಟ್ಟೆ ಒಣಹಾಕಲು ಬಂದ ಹುಡುಗಿಯರು ಹಸಿ ಬಟ್ಟೆಯನ್ನು ಹೆಗಲ ಮೇಲೆಯೇ ಬಿಟ್ಟು ನಿಂತಿದ್ದರು.

ತುಂಡು ಹೊತ್ತಿಕೊಳ್ಳಲಿಲ್ಲ. ಬೆಂಕಿ ಹತ್ತಿರ ಹೋದಷ್ಟೂ ಅದು ಹಿಂದಕ್ಕೆ ಸರಿಯಿತು, ಮುಟ್ಟಿದ ಬಸವನಹುಳುವಿನಂತೆ ಮುದುಡಿಕೊಂಡಿತು. ಕಡ್ಡಿ ತೆಗೆದರೆ ಅಷ್ಟಕ್ಕೇ ನಿಂತಿತು. ಮೂಲೆಯಲ್ಲೊಂದು ತೂತು, ತೂತಿನ ಅಂಚಿಗೆ ಸಣ್ಣ ಮಿರುಗು. ಮತ್ತೇನೂ ಇಲ್ಲ.

"ಏನಂತೀ ಯಂಕವ್ವ?" ಅಯ್ಯಪ್ಪ ಕೇಳಿದ. "ಹೇಳಿಬಿಡು. ನಿನ್ನ ಬಾಯಾಗಿಂದ ಬಂದ್ರ ನಿಮ್ಮ ಕಡಿ ಮಂದಿ ನಂಬ್ತಾರ. ನನ್ನ ಮಾತು ಅವರಿಗೆ ಎಮ್ಮಿ ಮ್ಯಾಗ ಸುರುವಿದ ನೀರು."

ಯಂಕಮ್ಮ ತುಂಡನ್ನು ಮೂಗಿನ ಹತ್ತಿರ ತಂದಳು. ಕೊಳೆತ ಹಣ್ಣಿನಂಥ, ಸೀಮೆಎಣ್ಣೆಯಂಥ ಒಂದು ಕೆಟ್ಟ ಸಿಹಿ. ಉಣ್ಣೆ ಸುಟ್ಟರೆ ಕೂದಲು ಕಮರಿದ ವಾಸನೆ ಬರಬೇಕು, ಉಳಿದ ಕರಿಗಂಟು ಬೆರಳಲ್ಲಿ ತಿಕ್ಕಿದರೆ ಹುಡಿಯಾಗಬೇಕು. ಇದು ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಮೂಗು ಬೇಡವೆಂದಿತು, ಬೆರಳು ಬೇಡವೆಂದಿತು. ಆದರೆ ಕೇಳಿದ್ದು ಹೊತ್ತುತ್ತದೋ ಇಲ್ಲವೋ ಎಂದಷ್ಟೇ. ಕಣ್ಣು ನೋಡಿದ್ದನ್ನು ಹೇಳಿದರೆ ಸಾಕಲ್ಲ? ಸುತ್ತ ನಿಂತವರ ಮುಖಗಳೆಲ್ಲ ತನ್ನ ಬಾಯನ್ನೇ ನೋಡುತ್ತಿರುವುದು ಅವಳಿಗೆ ಬಹಳ ದಿನಗಳ ಮೇಲೆ ಹಿತವಾಗಿತ್ತು ಬೇರೆ.

"ಹೊತ್ತಂಗಿಲ್ಲ," ಎಂದಳು. "ಕಡ್ಡಿ ತಗದ್ರ ತಾನೇ ಆರ್ತದ. ಉಣ್ಣಿ ಇದ್ದಂಗ ಅದ."

"ಪಾಸ್!" ಎಂದು ಅಯ್ಯಪ್ಪ ಚಪ್ಪಾಳೆ ತಟ್ಟಿದ. "ಕೇಳಿದಿ ಏನಪಾ ಪಾಷಾ? ನಿಮ್ಮ ಕಂಪನಿ ಎ ಕ್ಲಾಸ್ ಬೆಂಕಿ ರೇಟಿಂಗು ಒಂದು ತೂಕ, ನಮ್ಮ ಯಂಕವ್ವನ ರೇಟಿಂಗು ಒಂದು ತೂಕ."

ಜಿಲಾನಿ ಪಾಷಾ ನಗಲಿಲ್ಲ. ಮಾಳಿಗೆಯ ಅಂಚಿಗೆ ಹೋಗಿ ಅಡಿಕೆ ಉಗುಳಿ ಬಂದು ಅಳತೆಪಟ್ಟಿ ಬಿಚ್ಚಿದ.

ಯಂಕಮ್ಮನನ್ನು ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಅವಳು ಕೃಷ್ಣೆಯ ದಂಡೆಯ ಗೂಗಲ್ಲಿನವಳು, ಕುರಿ ಕಾಯುವವರ ಮನೆಯವಳು. ಕದರು ತಿರುವಿ ಉಣ್ಣೆ ನೂತು ಬೆಳೆದ ಕೈ. ದೇವದುರ್ಗದ ಸಂತೆಯಲ್ಲಿ ಕಂಬಳಿ ಮಾರುವವನಿಗೂ ಕೊಳ್ಳುವವನಿಗೂ ಮಾತಿಗೆ ಮಾತು ಬೆಳೆದರೆ, "ಗೂಗಲ್ ಯಂಕವ್ವನ್ನ ಕರೀರಿ" ಎನ್ನುತ್ತಿದ್ದರು. ಅವಳು ಕಂಬಳಿಯ ಅಂಚಿನಿಂದ ಒಂದೆಳೆ ಕಿತ್ತು, ಸುಟ್ಟು, ಮೂಸಿ, ತಿಕ್ಕಿ ನೋಡಿ, ಇದು ಬರೀ ಉಣ್ಣೆ, ಇದರಲ್ಲಿ ಬೆರಕೆ ಇದೆ ಎಂದು ಹೇಳಿದರೆ ಅದೇ ಕೊನೆ. ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಕಂಬಳಿ ಕೇಳುವವರು ಇಲ್ಲವಾಗಿ, ಹಿಂಡು ಮೈದುನರ ಪಾಲಾಗಿ, ಗಂಡನೂ ಮಣ್ಣಾದ ಮೇಲೆ ಅವಳು ರಾಯಚೂರಿಗೆ ಬಂದು, ಸ್ಟೇಷನ್ನಿನ ಹಿಂದಿನ ಓಣಿಯ ಈ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಲೆ ಹಿಡಿದಿದ್ದಳು. ಮಾನ್ವಿ, ದೇವದುರ್ಗದ ಹಳ್ಳಿಗಳ ಹುಡುಗಿಯರು ಅಲ್ಲಿದ್ದು ಕಾಲೇಜು ಕಲಿಯುತ್ತಿದ್ದರು. ಅವರ ಅಪ್ಪ ಅವ್ವಂದಿರು ನಂಬಿದ್ದು ಅಯ್ಯಪ್ಪನನ್ನಲ್ಲ, ಅವಳನ್ನು.

ಮಾಳಿಗೆಯ ಮೇಲೆ ತಗಡಿನ ಕೋಣೆ ಏರಿಸುತ್ತಾರೆಂಬ ಸುದ್ದಿ ಹಳ್ಳಿ ಮುಟ್ಟಿದಾಗ ಅವರೆಲ್ಲ ಹಿಂದೆ ಮುಂದೆ ನೋಡಿದ್ದರು. ಎಲ್ಲಿಯೋ ದೂರದ ಊರಿನಲ್ಲಿ ಓದುವ ಮಕ್ಕಳಿದ್ದ ಮಹಡಿಗೆ ಬೆಂಕಿ ಬಿದ್ದ ಚಿತ್ರ ಫೋನಿನಿಂದ ಫೋನಿಗೆ ಓಡಾಡಿ ಎಲ್ಲರ ಹೊಟ್ಟೆಯಲ್ಲೂ ಕೂತಿತ್ತು. "ಯಂಕವ್ವ ನೋಡಿ ಹೇಳಲಿ" ಎಂದಿದ್ದರು. ಅವಳು ಅಂದು ಸಂಜೆ ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದಳು: "ನಾ ಕೈಯಾರ ಸುಟ್ಟು ನೋಡೀನಿ. ಹೊತ್ತಂಗಿಲ್ಲ. ಹುಡುಗೇರು ಇರ್ಲಿ."

ಕೋಣೆಗಳು ಎದ್ದವು. ಎರಡು ತೆಳು ತಗಡು, ನಡುವೆ ಅಂಗೈಯಗಲದ ಬಿಳಿ ಥರ್ಮಾಕೋಲು. ಅಂಥ ಹಲಗೆಗಳನ್ನೇ ನಿಲ್ಲಿಸಿ ಗೋಡೆ, ಅಂಥವನ್ನೇ ಹೊದಿಸಿ ಚಾವಣಿ. ರಾಯಚೂರಿನ ಬೇಸಿಗೆಯಲ್ಲಿ ಕೆಳಗಿನ ಕೋಣೆಗಳ ಪರಸಿಕಲ್ಲಿನ ನೆಲ ಕೂಡ ಕಾದು ಬೆನ್ನು ಸುಡುವಾಗ, ಮೇಲಿನ ಆ ಕೋಣೆಗಳು ಮಣ್ಣಿನ ಕೊಡದೊಳಗಿನಂತೆ ತಣ್ಣಗಿದ್ದವು. ಹುಡುಗಿಯರು ಅದಕ್ಕಾಗಿ ಜಗಳವಾಡಿದರು. ಗೂಗಲ್ಲಿನ ದೇವಿಕಾ ಬಾಗಿಲ ಪಕ್ಕದ ಜಾಗ ಹಿಡಿದಳು. ಮಾನ್ವಿ ತಾಲ್ಲೂಕಿನ ಕುರ್ಡಿಯಿಂದ ಬಂದು ಕಟ್ಟಡ ಕೆಲಸದ ಡಿಪ್ಲೊಮಾ ಓದುತ್ತಿದ್ದ ನಾಗವೇಣಿ ಮಾತ್ರ ತನ್ನ ಹಾಸಿಗೆ ಕೆಳಗೇ ಇರಲೆಂದಳು.

"ಯಾಕಬೇ, ನಿನಗ ತಂಪು ಒಗ್ಗಂಗಿಲ್ಲೇನು?" ಎಂದು ಯಂಕಮ್ಮ ಛೇಡಿಸಿದಳು.

"ಆ ಥರ್ಮಾಕೋಲಿಗೆ ರೇಟಿಂಗ್ ಅದನೋ ಇಲ್ಲೋ, ಯಾರು ಕೇಳ್ಯಾರಜ್ಜಿ?"

"ನಾ ಕೇಳೀನಿ. ಕಡ್ಡಿ ಗೀರಿ ಕೇಳೀನಿ."

ನಾಗವೇಣಿ ಏನೋ ಹೇಳಲು ಬಾಯಿ ತೆರೆದವಳು, ಸುತ್ತ ನಿಂತವರು ನಕ್ಕಿದ್ದು ನೋಡಿ ಮುಚ್ಚಿದಳು.

ಮೇಲಕ್ಕೆ ಹೋಗಲು ಇದ್ದದ್ದು ಒಂದೇ ಮೆಟ್ಟಿಲಸಾಲು, ಅದೂ ಅಡುಗೆಮನೆಯ ಪಕ್ಕಕ್ಕೆ. ಅದರ ಬುಡದಲ್ಲಿ ಗ್ಯಾಸಿನ ಸಿಲಿಂಡರುಗಳು, ಹಿಂದಿನ ಅಂಗಳದಲ್ಲಿ ಸ್ನಾನದ ನೀರು ಕಾಯಿಸುವ ದೊಡ್ಡ ಒಲೆ. ಕೆಲಸ ಮುಗಿದ ಮೇಲೆ ಉಳಿದ ಹಲಗೆಯ ತುಂಡುಗಳನ್ನು ಪಾಷಾನ ಆಳುಗಳು ಆ ಅಂಗಳದಲ್ಲೇ ಒಟ್ಟಿ ಹೋಗಿದ್ದರು. ಮುಂಗಾರಿನ ಗಾಳಿ ಎದ್ದು ಒಲೆಯ ಉರಿ ಅತ್ತಿತ್ತ ಹಾರತೊಡಗಿದಾಗ ಯಂಕಮ್ಮ ಒಂದು ದೊಡ್ಡ ತುಂಡನ್ನು ಎಳೆದು ತಂದು ಒಲೆಯ ಪಕ್ಕ ಗಾಳಿಮರೆಯಾಗಿ ನಿಲ್ಲಿಸಿದಳು. ಹೊತ್ತುವುದಿಲ್ಲವಲ್ಲ, ಇದಕ್ಕಿಂತ ಒಳ್ಳೆಯ ಮರೆ ಎಲ್ಲಿ ಸಿಕ್ಕೀತು ಎಂದುಕೊಂಡಳು. ಬೇರೆ ಯಾರೇ ಆಗಿದ್ದರೂ ಆ ಜಾಗದಲ್ಲಿ ಅದನ್ನು ಇಡುತ್ತಿರಲಿಲ್ಲ. ತನ್ನ ಮಾತನ್ನು ತಾನೇ ನಂಬಿದವಳು ಇಟ್ಟಳು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ, ಪರೀಕ್ಷೆಗೆ ಹೋಗುವವರು ಬೇಗ ನೀರು ಬೇಕೆಂದರೆಂದು, ಅವಳು ಒಣಗಿದ ಹತ್ತಿಕಟ್ಟಿಗೆಯನ್ನು ಹೊರೆಯಾಗಿ ಒಲೆಗೆ ಒಡ್ಡಿದಳು. ಉರಿ ಎದೆಯೆತ್ತರ ಎದ್ದಿತು. ಅವಳು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿ, ಆ ಗಂಗಾಳವನ್ನು ಕೈಯಲ್ಲಿಯೇ ಹಿಡಿದುಕೊಂಡು ಬಾಗಿಲಿಗೆ ಬಂದಾಗ, ಹಲಗೆಯ ಬಿಳಿ ಅಂಚು ಹಿಂದಕ್ಕೆ ಸರಿಯುತ್ತಿತ್ತು. ಅಂದು ಮಾಳಿಗೆಯ ಮೇಲೆ ನೋಡಿದ್ದೂ ಅದೇ. ಆದರೆ ಇಂದು ಸರಿದ ಜಾಗದಲ್ಲಿ ಎರಡು ತಗಡಿನ ನಡುವೆ ಕೊಳವೆಯಂಥ ಪೊಳ್ಳು ಬಿದ್ದಿತು. ಉರಿ ಆ ಪೊಳ್ಳಿನೊಳಗೆ ನಾಲಗೆ ಹಾಕಿತು. ಒಳಗೊಳಗೇ ಎಲ್ಲಿಯವರೆಗೆ ಹೋಯಿತೋ, ಹಲಗೆಯ ಮೇಲ್ತುದಿಯಲ್ಲಿ ಬೆಂಕಿ ಒಮ್ಮೆಗೇ ಹೊರಬಂದಿತು. ತಗಡು ಕೆಟ್ಟ ದನಿಯಲ್ಲಿ ಮುರಿದು ಬಿಚ್ಚಿಕೊಂಡಿತು. ಅದರಿಂದ ಉರಿಯುವ ಹನಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಬಿದ್ದಲ್ಲಿಯೂ ಉರಿದವು.

ಹೊಗೆ ಹೊಗೆಯ ಹಾಗಿರಲಿಲ್ಲ. ಕರಿ ಕಂಬಳಿಯನ್ನು ಯಾರೋ ಗಾಳಿಯಲ್ಲಿ ಝಾಡಿಸಿದ ಹಾಗೆ ಬಂದು ಮುಖಕ್ಕೆ ಸುತ್ತಿಕೊಂಡಿತು. ಯಂಕಮ್ಮನ ಕಾಲು ಕೀಳಲಿಲ್ಲ. ಬಾಯಿ, ಮೂಗು, ಗಂಟಲೆಲ್ಲ ಅದೇ ಕೊಳೆತ ಸಿಹಿ. ನಾಗವೇಣಿ ಹಿಂದಿನಿಂದ ಬಂದು ರಟ್ಟೆ ಹಿಡಿದು ಜಗ್ಗಿದಳು. ದೇವಿಕಾಳೂ ಇನ್ನಿಬ್ಬರೂ ಸ್ನಾನದ ಬಕೆಟ್ಟುಗಳನ್ನೇ ತಂದು ಸುರಿದರು. ಅದು ಆರಿದ ಮೇಲೆ ಅಂಗಳದ ತುಂಬ ಕರಿ ಎಳೆಗಳು ಜೇಡರ ಬಲೆಯಂತೆ ಇಳಿಯುತ್ತಿದ್ದವು. ಒಣಹಾಕಿದ ಬಟ್ಟೆಗಳ ಮೇಲೆ, ಗಂಗಾಳದಲ್ಲಿನ ಜೋಳದ ಹಿಟ್ಟಿನ ಮೇಲೆ. ಯಂಕಮ್ಮ ಒಂದನ್ನು ಹಿಟ್ಟಿನಿಂದ ಆರಿಸಲು ಹೋದಳು. ಅದು ಬೆರಳಿಗೆ ಜಿಡ್ಡಾಗಿ ಹರಡಿತು. ಅವಳು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

"ಕಡ್ಡಿ ಮುಟ್ಟಿಸಿದ್ರ ಹೊತ್ತಲಿಲ್ಲಬೇ," ಎಂದಳು, ನಾಗವೇಣಿ ಕೊಟ್ಟ ನೀರಿನಿಂದ ಬಾಯಿ ಮುಕ್ಕಳಿಸಿ. "ಎಲ್ಲರೂ ನೋಡ್ಯಾರ. ಸುಳ್ಳು ಹೇಳಿಲ್ಲ ನಾ."

"ಸುಳ್ಳು ಅಂತ ಯಾರಂದ್ರು? ಅದಕ್ಕ ಏನೋ ಔಷಧಿ ಕಲಸಿರ್ತಾರಜ್ಜಿ. ಸಣ್ಣ ಬೆಂಕಿಗೆ ಹೆದರಿ ಸರೀತದ. ದೊಡ್ಡ ಬೆಂಕಿಗೆ ತಾನೇ ಎಣ್ಣಿ ಆಗ್ತದ. ನೀ ಕೇಳಿದ್ದು ಒಂದೇ ಪ್ರಶ್ನಿ, ಕಡ್ಡಿಗೆ ಹೊತ್ತತದೇನು ಅಂತ. ಗ್ವಾಡಿಗೆ ರೇಟಿಂಗ್ ಕೊಡೋರು ಭಾಳ ಕೇಳ್ತಾರ."

"ಏನು ಕೇಳ್ತಾರ?"

ಹುಡುಗಿ ಬಚ್ಚಲ ಕಟ್ಟೆಯ ಮೇಲೆ ಕೂತಳು. ಕ್ಲಾಸಿಗೆ ಹೊತ್ತಾಗುತ್ತಿದ್ದರೂ ಕೂತಳು. "ಬೆಂಕಿ ಹತ್ತಿದ್ರ ಎಷ್ಟು ಜಲ್ದಿ ಓಡ್ತದ? ಹೊಗಿ ಎಷ್ಟು? ಉರಿ ಹನಿ ಬೀಳ್ತಾವೇನು? ಇದು ಸಾಮಾನಿಂದು. ಇನ್ನ ಗ್ವಾಡಿದು ಬ್ಯಾರೆ ಅದ. ಆ ಕಡಿ ಬೆಂಕಿ ಇಟ್ರ ಈ ಕಡಿ ಇದ್ದವರನ್ನ ಎಷ್ಟೊತ್ತು ತಡೀತದ? ಇಟ್ಟಂಗಿ ಗ್ವಾಡಿ ಆದ್ರ ತಾಸುಗಟ್ಟಲೆ. ಅದಕ್ಕ ತಾಸಿನ ಲೆಕ್ಕದಾಗ ರೇಟಿಂಗ್ ಹೇಳೋದು. ಅಷ್ಟೊತ್ತಿಗೆ ಮಂದಿ ಇಳದು ಹೋಗ್ತಾರ. ಮತ್ತ ತುಂಡು ಸುಟ್ಟು ನೋಡಂಗಿಲ್ಲ. ಹೆಂಗ ಕಟ್ಟತಾರೋ ಹಂಗೇ ಗ್ವಾಡಿ ನಿಲ್ಲಿಸಿ, ಸಂದು, ಬೋಲ್ಟು ಎಲ್ಲಾ ಹಾಕಿ, ಒಂದು ಭಟ್ಟಿ ಮುಂದ ಇಟ್ಟು ಸುಡ್ತಾರ."

"ಪೂರಾ ಗ್ವಾಡಿ ಸುಡ್ತಾರ?"

"ಪೂರಾ."

ಯಂಕಮ್ಮ ಬೆರಳಿನ ಜಿಡ್ಡನ್ನು ಬಚ್ಚಲ ಕಲ್ಲಿಗೆ ತಿಕ್ಕಿದಳು. ಕಂಬಳಿಗೆ ಕೇಳುವ ಪ್ರಶ್ನೆಯನ್ನು ಗೋಡೆಗೆ ಕೇಳಿ, ಬಂದ ಉತ್ತರವನ್ನು ಊರಿಗೆಲ್ಲ ಹಂಚಿದ್ದಳು. ಒಂದೆಳೆ ನೋಡಿದರೆ ಕಂಬಳಿ ಗೊತ್ತಾಗುತ್ತದೆ, ಏಕೆಂದರೆ ಕಂಬಳಿಯ ತುಂಬ ಇರುವುದು ಅದೇ ಎಳೆ. ಗೋಡೆ ಹಾಗಲ್ಲ. ಅದಿರಲಿ, ಅಂದು ಮೂಗು ಹೇಳಿತ್ತಲ್ಲ? ಬೆರಳು ಹೇಳಿತ್ತಲ್ಲ? ಹುಡುಗಿ ಅದನ್ನು ಕೇಳಲಿಲ್ಲ. ಕೇಳದೆ ಇದ್ದದ್ದೇ ಹೆಚ್ಚು ನೋವಾಯಿತು.

ಮಧ್ಯಾಹ್ನ ಜಿಲಾನಿ ಪಾಷಾ ಮಳೆನೀರು ಹರಿದುಹೋಗುವ ತಗಡಿನ ದೋಣಿ ಕೂರಿಸಲು ಬಂದ. ಯಂಕಮ್ಮ ಅವನನ್ನು ಅಂಗಳಕ್ಕೆ ಕರೆದು, ಸೊಟ್ಟಗೆ ಬಿಚ್ಚಿಕೊಂಡ ತಗಡನ್ನು ಕಾಲಿನಿಂದ ತಳ್ಳಿ ತೋರಿಸಿದಳು.

"ನಿನಗ ಗೊತ್ತಿತ್ತೇನಪಾ?"

ಪಾಷಾ ಕರಿಗಟ್ಟಿದ ನೆಲ ನೋಡಿದ. "ಗೊತ್ತಿಲ್ದೆ ಏನು ಯವ್ವಾ. ಇಪ್ಪತ್ತು ವರ್ಷದ ಧಂಧಾ."

"ಮತ್ತ ಸಾವುಕಾರ ಎ ಕ್ಲಾಸು ಅಂತಿದ್ದ?"

"ಎ ಕ್ಲಾಸ್ ಅದ. ತಗಡಿನ ಮ್ಯಾಲಿನ ಬಣ್ಣಕ್ಕ ಅದ. ಒಳಗಿನ ಮಾಲಿಗೆ ಯಾರು ಕೇಳ್ತಾರ? ನಾ ಮೊದಲೇ ಸಾವುಕಾರಗ ಹೇಳಿದ್ದೆ, ಕಲ್ಲುಣ್ಣಿ ಹಲಗಿ ಹಾಕ್ಸ್ರಿ ಅಂತ."

"ಕಲ್ಲುಣ್ಣಿ?"

"ಹ್ಞೂಂ. ಕಲ್ಲು ಕರಗಿಸಿ ಎಳಿ ತಗೀತಾರ. ಉಣ್ಣಿ ಇದ್ದಂಗೇ ಇರ್ತದ. ಅದು ಸುಡಂಗಿಲ್ಲ."

"ನನ್ನ ಆಡಸಬ್ಯಾಡ. ಕಲ್ಲಿನ ಕುರಿ ಯಾವ ಅಡವ್ಯಾಗ ಮೇಯ್ತದಪಾ?"

"ಅಲ್ಲಾ ಕೀ ಕಸಂ ಯವ್ವಾ, ಅದ. ಇಲ್ಲಾಂದ್ರ ಬೂದಿ ಇಟ್ಟಂಗಿ ಹಾಕಿಸಬೇಕಿತ್ತು. ಕರೆಂಟು ತಯಾರ ಮಾಡೋ ಥರ್ಮಲ್ಲಿನ ಬೂದಿ, ಒಮ್ಮೆ ಸುಟ್ಟದ್ದು ಮತ್ತ ಸುಡತದೇನು? ಆದ್ರ ಸಾವುಕಾರಗ ಜಲ್ದಿ ಬೇಕಿತ್ತು, ತಂಪು ಬೇಕಿತ್ತು."

"ನಾ ಕಡ್ಡಿ ಗೀರಿದಾಗ ನಿನ್ನ ಬಾಯಾಗ ಏನಿತ್ತು?"

"ಅಡಿಕಿ ಇತ್ತು," ಎಂದ ಪಾಷಾ. ಆಮೇಲೆ ತಲೆ ತಗ್ಗಿಸಿದ. "ನೀ ಪಾಸ್ ಮಾಡಿದಿ. ನನಗ ಮಕ್ಕಳು ಮರಿ ಅದಾವ ಯವ್ವಾ. ನಾ ಸುಮ್ಮನಾದೆ."

ಅವನ ಮೇಲೆ ಉಗುಳಬೇಕೆನಿಸಿತು. ಉಗುಳಲು ಬಾಯಲ್ಲಿ ಪಸೆ ಇರಲಿಲ್ಲ.

ಅಯ್ಯಪ್ಪ ಸಂಜೆ ಬಂದ. ಬಂದವನು ಎಂದಿನಂತೆ ಊಟದ ಹಾಲಿನಲ್ಲಿ ಕೂತು ಮಂಡಾಳ ಒಗ್ಗರಣೆ, ಮಿರ್ಚಿ ಕೇಳಿದ. ಯಂಕಮ್ಮ ತಟ್ಟೆ ಇಟ್ಟು ಎದುರಿಗೆ ನಿಂತು ಎಲ್ಲ ಹೇಳಿದಳು. ಅವನು ತಿನ್ನುತ್ತಲೇ ಕೇಳಿದ. ಮಿರ್ಚಿಯ ತೊಟ್ಟು ಹಿಡಿದು ಬಾಯಿಗಿಟ್ಟು ಎಳೆದು, ತೊಟ್ಟನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುತ್ತಿದ್ದ.

"ಒಲಿ ಬಾಜೂಕ ಇಟ್ರ ಏನು ಸುಡಂಗಿಲ್ಲ ಯಂಕವ್ವ? ನಿನ್ನ ಸೀರಿ ಇಟ್ರ ಸುಡತದ, ನನ್ನ ಧೋತರ ಇಟ್ರ ಸುಡತದ."

"ಮ್ಯಾಗ ಹುಡುಗೇರು ಮಲಗ್ತಾರ. ಇಳಿಯಾಕ ಇರೋದು ಒಂದೇ ಪಾವಟಿಗಿ. ಅದರ ಬುಡಕ್ಕ ಗ್ಯಾಸು."

"ಅದಕ್ಕ ಬೆಂಕಿ ಆರಸೋ ಕೆಂಪು ಡಬ್ಬಿ ತಂದು ನೇತು ಹಾಕೀನಲ್ಲ?"

"ಅದರಾಗ ಗಾಳಿನೂ ಇಲ್ಲ. ದೇವಿಕಾ ಒತ್ತಿ ನೋಡ್ಯಾಳ."

ಅಯ್ಯಪ್ಪ ನಕ್ಕ. ಅವನು ಕೆಟ್ಟವನಂತೆ ಕಾಣುತ್ತಿರಲಿಲ್ಲ. ಹುಡುಗಿಯರಿಗೆ ಜ್ವರ ಬಂದರೆ ತನ್ನ ಕಾರಿನಲ್ಲೇ ದವಾಖಾನೆಗೆ ಒಯ್ಯುವವನು. ಅದೇ ಯಂಕಮ್ಮನಿಗೆ ಹೆಚ್ಚು ಹೇಸಿಗೆಯಾಯಿತು. "ಏಯ್ ಯಂಕವ್ವ, ಪಾಸ್ ಮಾಡಿದಾಕಿ ನೀನು. ಫೋನು ಹಚ್ಚಿ ಊರಿಗೆಲ್ಲ ಹೇಳಿದಾಕಿ ನೀನು. ಈಗ ಫೇಲ್ ಅಂದ್ರ ಯಾರ ಮಾರಿ ಕರ್ರಗಾಗ್ತದ? ನಿಂದ. ಸುಮ್ಮನಿರು. ಎಲ್ಲಾ ಕಡಿ ಇದನ್ನ ಹಾಕ್ಯಾರ. ಎಲ್ಲಾ ಸುಟ್ಟು ಹೋಗ್ಯಾವೇನು?"

ಎದ್ದು ಹೋಗುವಾಗ ಅವನು ಎಣ್ಣೆಯ ಬೆರಳುಗಳನ್ನು ಮೆಟ್ಟಿಲ ಪಕ್ಕದ ಗೋಡೆಗೆ ಒರೆಸಿದ. ಹಿಂದೆಯೂ ಒರೆಸುತ್ತಿದ್ದನೇನೋ, ಅವಳು ನೋಡಿದ್ದು ಅಂದು.

ತಿಂಗಳಿಗೊಮ್ಮೆ ರವಿವಾರ ಹೆತ್ತವರು ಬಂದು ಮಕ್ಕಳನ್ನು ನೋಡಿಕೊಂಡು ಹೋಗುವುದು ವಾಡಿಕೆ. ಆ ರವಿವಾರ ದೇವದುರ್ಗದ ಬಸ್ಸಿಗೆ ಬಂದವರು, ಮಾನ್ವಿಯ ಬಸ್ಸಿಗೆ ಬಂದವರು ಎಲ್ಲ ಊಟದ ಹಾಲಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಪುಂಡಿಪಲ್ಯ, ಕಟಿರೊಟ್ಟಿ, ಶೇಂಗಾಹಿಂಡಿ. ಅಯ್ಯಪ್ಪ ನಡುವೆ ಓಡಾಡಿ ಎಲ್ಲರ ಬುತ್ತಿಯಲ್ಲೂ ಒಂದು ತುತ್ತು ಮುರಿಯುತ್ತಿದ್ದ. ಯಂಕಮ್ಮ ನಡುಹಾಲಿಗೆ ಬಂದು ನಿಂತಳು. ಅವಳ ದನಿ ಎಂದೂ ದೊಡ್ಡದಲ್ಲ. ಆದರೆ ಅವಳು ನಿಂತ ರೀತಿಗೇ ಮಾತುಗಳು ನಿಂತವು.

"ಮ್ಯಾಗಿನ ಗ್ವಾಡಿ ಹೊತ್ತಂಗಿಲ್ಲ ಅಂದಿದ್ದೆ. ಹೊತ್ತತದ. ನಾ ಹೇಳಿದ್ದು ತಪ್ಪದ."

ದೇವಿಕಾಳ ತಾತ, ಗೂಗಲ್ಲಿನ ರೇವಣಸಿದ್ದ, ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಸುಟ್ಟು ನೋಡೀನಿ ಅಂದಿ ಅಲ್ಲಬೇ?"

"ಸುಟ್ಟು ನೋಡಿದೆ ಮಾವಾ. ಮೂಗು ಬ್ಯಾಡ ಅಂತು. ಮಂದಿ ನೋಡಾಕತ್ತಿದ್ರು ಅಂತ ಮೂಗಿನ ಮಾತು ನುಂಗಿದೆ."

"ಅಕಿಗೆ ವಯಸ್ಸಾತ್ರಿ," ಅಯ್ಯಪ್ಪ ನಗುತ್ತ ಅಂದ. "ಒಲಿ ಮುಂದ ಕುಂತು ಕುಂತು ತಲಿ ಕಾದದ."

ಹುಡುಗಿಯರಲ್ಲೇ ಒಬ್ಬಳು ಗೊಣಗಿದಳು, "ಕೆಳಗ ಮಲಗಿದ್ರ ಬೆಂದು ಸಾಯ್ತೀವಿ." ಮಾನ್ವಿ ಕಡೆಯ ಒಬ್ಬ ತಂದೆ, "ನಡುವ ಹಾಸ್ಟೆಲ್ ಬಿಡಿಸಿದ್ರ ಬ್ಯಾರೆ ಎಲ್ಲಿ ಸಿಗ್ತದ?" ಅಂದ. ಒಬ್ಬೊಬ್ಬರೇ ಮತ್ತೆ ಬುತ್ತಿಯ ಕಡೆ ಬಾಗಿದರು. ಬೆಂಕಿ ಬೀಳುವುದಾದರೆ ಎಂದೋ ಬೀಳುವುದು, ರೊಟ್ಟಿ ಇಂದಿನದು. ಯಂಕಮ್ಮ ಅವರ ಆಡುವ ದವಡೆಗಳನ್ನು ನೋಡಿದಳು.

ಆಗ ರೇವಣಸಿದ್ದ ಕೈ ಜಾಡಿಸಿ ಎದ್ದ. "ಸಂತ್ಯಾಗ ಸುಟ್ಟು ಹೇಳಿದವರ ಮಾತು ತಪ್ಪಾದ್ರ ಏನು ರೂಢಿ ಯಂಕವ್ವ? ಇವರಿಗೆ ಗೊತ್ತಿಲ್ಲ, ಹೇಳು."

"ಬೆರಕಿ ಕಂಬಳಿ ಸುಟ್ಟು ಹೇಳಿದವರ ಪಾಲು. ಕೊಂಡವರಿಗೆ ತಮ್ಮ ಮೈಮ್ಯಾಗಿನ ಕಂಬಳಿ ಕೊಡಬೇಕು."

"ಆ ಬೆರಕಿದು ಏನಾಗ್ತದ?"

"ಮತ್ತ ಸಂತಿಗೆ ಬರಬಾರ್ದು. ಹರಿದು ಹಾಕಬೇಕು."

"ಹಂಗಾರ ನಿನ್ನ ಮೈಮ್ಯಾಗಿಂದು ಕೊಡು," ಎಂದ ಮುದುಕ. ಅವನ ದನಿಯಲ್ಲಿ ಕರುಣೆ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಯಂಕಮ್ಮ ಹೋಗಿ ಅಡುಗೆಮನೆಯ ಹಿಂದಿನ ತನ್ನ ಕೋಣೆಯ ಬಾಗಿಲು ತೆರೆದಳು. ದಪ್ಪ ಕಲ್ಲಿನ ಹಳೇ ಗೋಡೆಯ, ಅಂಗಳಕ್ಕೇ ಬಾಗಿಲಿದ್ದ ಕೋಣೆ. ತನ್ನ ಟ್ರಂಕನ್ನು ಹೊರಗೆ ಎಳೆದಿಟ್ಟು, "ಇಲ್ಲಿ ನಾಕು ಮಂದಿ ಆಗ್ತಾರ. ಉಳಿದೋರು ಈ ಹಾಲಿನಾಗ. ನಾ ಮ್ಯಾಗ ಇರ್ತೀನಿ," ಎಂದಳು. ಟ್ರಂಕನ್ನು ತಲೆಗೆ ಹೊತ್ತು ಮೆಟ್ಟಿಲು ಹತ್ತತೊಡಗಿದಳು. ಮೂರನೆಯ ಮೆಟ್ಟಿಲಲ್ಲಿ ಟ್ರಂಕು ವಾಲಿ ಗೋಡೆ ಹಿಡಿದಳು. ಯಾರೂ ನಗಲಿಲ್ಲ. ದೇವಿಕಾ ಅವಳನ್ನು ದಾಟಿಕೊಂಡು ಮೇಲೆ ಓಡಿದಳು. ಸ್ವಲ್ಪ ಹೊತ್ತಿಗೆ ಸುತ್ತಿದ ಹಾಸಿಗೆಯೊಂದು ಮೆಟ್ಟಿಲ ಮೇಲಿಂದ ಉರುಳಿಕೊಂಡು ಬಂದು ಅಯ್ಯಪ್ಪನ ಕಾಲಿಗೆ ಬಡಿಯಿತು. ಅದರ ಹಿಂದೆ ಇನ್ನೊಂದು. ಕುರ್ಡಿಯಿಂದ ಬಂದಿದ್ದ ನಾಗವೇಣಿಯ ತಂದೆ ಮಲ್ಲಯ್ಯ, ತನ್ನ ಮಗಳು ಕೆಳಗೇ ಇದ್ದರೂ, ಎದ್ದು ಹೋಗಿ ಬೇರೆಯವರ ಮಕ್ಕಳ ಪೆಟ್ಟಿಗೆಗಳನ್ನು ಇಳಿಸಿದ. ಮೇಲೆ ಯಾರೂ ಇರುವುದು ಬೇಡ, ಬೂದಿ ಇಟ್ಟಿಗೆಯ ಗೋಡೆ ಏಳುವವರೆಗೆ ಇಕ್ಕಟ್ಟಿನಲ್ಲೇ ಆಗಲಿ, ಇಲ್ಲದಿದ್ದರೆ ಎಲ್ಲರೂ ಒಟ್ಟಿಗೇ ಬಿಡಿಸಿಕೊಂಡು ಹೋಗುವುದು ಎಂದು ಅಲ್ಲೇ ಮಾತಾಯಿತು. ಯಂಕಮ್ಮನನ್ನೂ ಮೇಲೆ ಮಲಗಗೊಡಲಿಲ್ಲ. ಅವಳ ಟ್ರಂಕು ಅಡುಗೆಮನೆಯ ಮೂಲೆಗೆ ಬಂತು.

ಅಯ್ಯಪ್ಪ ಒಂದು ವಾರ ಯಂಕಮ್ಮನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಜಿಲಾನಿ ಪಾಷಾನ ಆಳುಗಳು ಬಂದು ಬೋಲ್ಟು ಬಿಚ್ಚತೊಡಗಿದರು. ಬಿಳಿ ಹಲಗೆಗಳು ಹಗ್ಗದಲ್ಲಿ ಒಂದೊಂದಾಗಿ ಅಂಗಳಕ್ಕೆ ಇಳಿದವು. ಮೇಲಿನ ಬಯಲು ಬಯಲಾದ ಮಾಳಿಗೆ ಕಂಡು ಯಂಕಮ್ಮನ ಎದೆ ಹಗುರವಾಯಿತು. ಅವಳು ಎಲ್ಲರಿಗೂ ಚಹಾ ಮಾಡಿದಳು. ಬಾಗಿಲಲ್ಲಿ ಟೆಂಪೊ ನಿಂತಿತ್ತು.

"ಎಲ್ಲಿ ಚೆಲ್ತೀರಪಾ ಇವನ್ನ?" ಎಂದು ಪಾಷಾನಿಗೆ ಚಹಾದ ಬಸಿ ಕೊಡುತ್ತ ಕೇಳಿದಳು.

ಪಾಷಾ ಚಹಾ ಊದಿದ. ಊದುತ್ತಲೇ ಇದ್ದ.

"ಚೆಲ್ಲೋದ್ಯಾಕ?" ಅಯ್ಯಪ್ಪ ಉತ್ತರ ಕೊಟ್ಟ. ಇಷ್ಟು ದಿನಗಳ ಮೇಲೆ ಮೊದಲ ಮಾತು ಅದೇ. "ದೇವದುರ್ಗದಾಗ ನಮ್ಮ ಷಡ್ಡಕ ಸಣ್ಣ ಹುಡುಗರ ಸಾಲಿ ತಗ್ಯಾಕತ್ತಾನ. ಅಂಗನವಾಡಿ ಆದ ಮ್ಯಾಗಿನ ಹುಡುಗರು. ಮಧ್ಯಾಹ್ನ ಮಲಗಸಾಕ ತಂಪು ಖೋಲಿ ಬೇಕಂತ. ಅವರಿಗೇನು ಯಂಕವ್ವ ಇಲ್ಲ, ಸುಖವಾಗಿ ಇರ್ತಾರ." ತನ್ನ ಮಾತಿಗೆ ತಾನೇ ನಕ್ಕು ಆಳುಗಳ ಕಡೆ ತಿರುಗಿ, "ಏರಸ್ರಿ, ಬಿಸಲು ಏರಾಕತ್ತದ. ನಾ ಡ್ರೈವರನ್ನ ಕರಕೊಂಡು ಬರ್ತೀನಿ," ಎಂದು ಹೊರಟುಹೋದ.

ಯಂಕಮ್ಮ ಖಾಲಿ ತಟ್ಟೆ ಹಿಡಿದು ನಿಂತೇ ಇದ್ದಳು. ಹಲಗೆಗಳು ಗೋಡೆಗೊರಗಿ ಬೆಳ್ಳಗೆ ಹೊಳೆಯುತ್ತಿದ್ದವು. ಒಂದರ ಮೇಲೆ ಯಾರೋ ಹುಡುಗಿ ಬರೆದಿದ್ದ ಹೂವಿನ ಚಿತ್ರವೂ ಹಾಗೇ ಇತ್ತು.

ಅವಳು ತಟ್ಟೆ ಇಟ್ಟು ಒಳಗೆ ಹೋದಳು. ಬರುವಾಗ ಕೈಯಲ್ಲಿ ಸೊಪ್ಪು ಕೊಯ್ಯುವ ಕುಡಗೋಲಿತ್ತು. ಮೊದಲ ಹಲಗೆಯನ್ನು ನೆಲಕ್ಕೆ ಕೆಡವಿ, ಅದರ ಮೇಲೆ ಮಂಡಿಯೂರಿ, ಎರಡು ತಗಡಿನ ನಡುವಿನ ಬಿಳಿಗೆ ಕುಡಗೋಲಿನ ಮೊನೆ ತೂರಿಸಿ ಎಳೆದಳು. ಥರ್ಮಾಕೋಲು ಕಿವಿ ಕೊರೆಯುವಂತೆ ಕಿರುಚಿ ಹೋಳಾಗಿ ಹೊರಬಂತು. ಮತ್ತೆ ತೂರಿಸಿದಳು, ಮತ್ತೆ ಎಳೆದಳು. ಅಂಚುಗಳು ಖಾಲಿಯಾಗಿ ತಗಡು ಜೋತುಬಿದ್ದ ಮೇಲೆ ಅದನ್ನು ಪಕ್ಕಕ್ಕೆ ತಳ್ಳಿ ಎರಡನೆಯದನ್ನು ಕೆಡವಿದಳು.

"ಯವ್ವಾ, ಏನು ಮಾಡಾಕತ್ತಿ ನೀ?" ಒಬ್ಬ ಆಳು ಹೌಹಾರಿ ಮುಂದೆ ಬಂದ. "ಸಾವುಕಾರ ಬಂದ್ರ ನಮ್ಮ ಜೀಂವಾ ತಿಂತಾರ."

"ಇವು ನನ್ನ ಪಾಲು," ಎಂದಳು, ತಲೆ ಎತ್ತದೆ. "ಪಾಸ್ ಮಾಡಿದಾಕಿ ನಾನು."

ಆಳು ಪಾಷಾನ ಮುಖ ನೋಡಿದ. ಪಾಷಾ ಬಸಿಯ ತಳದಲ್ಲಿದ್ದ ಚಹಾವನ್ನು ನೋಡುತ್ತಿದ್ದ. ಅದನ್ನು ನೆಲಕ್ಕೆ ಚೆಲ್ಲಿ, ಬಸಿಯನ್ನು ಕಟ್ಟೆಯ ಮೇಲೆ ಇಟ್ಟು, ಟೆಂಪೊದ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತ.

"ಆ ಕಡಿ ತಗಡು ಚೂಪ ಅದ ಯವ್ವಾ," ಎಂದ. "ಕೈ ಜ್ವಾಕಿ."

ಬಿಸಿಲು ಏರಿತು. ಕೆತ್ತಿದಷ್ಟೂ ಬಿಳಿ ಕಾಳುಗಳು ಏಳುತ್ತಿದ್ದವು. ಅವು ಅವಳ ಬೆವೆತ ತೋಳಿಗೆ, ಕುತ್ತಿಗೆಯ ನೆರಿಗೆಗಳಿಗೆ, ಹುಬ್ಬಿಗೆ, ತುಟಿಗೆ ಬಂದು ಕೂತವು. ಮುಂಗೈಯಿಂದ ಒರೆಸಿದರೆ ತುಟಿ ಬಿಟ್ಟು ಮುಂಗೈಗೆ ಹತ್ತಿದವು. ಉಫ್ ಎಂದು ಊದಿದಳು. ಕಾಳುಗಳು ಒಂದು ಗೇಣು ದೂರ ಹಾರಿ, ಗಾಳಿಯಲ್ಲಿ ತಿರುಗಿ, ಮತ್ತೆ ಅವಳ ಮೈಗೇ ಬಂದು ಅಂಟಿದವು. ಅವಳು ಮೂರನೆಯ ಹಲಗೆಯನ್ನು ಕೆಡವಿದಳು.